‘ಆಕ್ಟಿವೇಟೆಡ್’ ಅಂತ ತೋರಿಸುತ್ತಿದೆ, ಅಂದರೆ ನನ್ನ ವಿಂಡೋಸ್ ಒರಿಜಿನಲ್ ತಾನೇ?

ಓದುಗರ ಪ್ರಶ್ನೆ: ಲ್ಯಾಪ್‌ಟಾಪ್ ನಿಧಾನವಾಗಿತ್ತು ಅಂತ ಫಾರ್ಮ್ಯಾಟ್ ಮಾಡಿಸಿದೆ. ಅಂಗಡಿಯವರು ವಿಂಡೋಸ್ ಪ್ರೊ, ಆಫೀಸ್ ಎಲ್ಲ ಹಾಕಿಕೊಟ್ಟು 500 ರೂಪಾಯಿ ತೆಗೆದುಕೊಂಡರು. ಸೆಟ್ಟಿಂಗ್ಸ್‌ನಲ್ಲಿ ‘ಆಕ್ಟಿವೇಟೆಡ್’ ಅಂತ ಬರುತ್ತಿದೆ, ಅಪ್‌ಡೇಟ್ ಕೂಡ ಆಗುತ್ತಿದೆ. ಒರಿಜಿನಲ್ ಅಂದುಕೊಳ್ಳಬಹುದಾ ಸರ್?

ಇಲ್ಲ, ಅಂದುಕೊಳ್ಳುವಂತಿಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟರೂ ಅದು ಮಾತು ಬದಲಿಸಿಕೊಂಡು ಮತ್ತೆ ಬರುತ್ತದೆ. ಆದ್ದರಿಂದ ಈ ಸಲ ಬುಡದಿಂದ ಹೇಳಿಬಿಡುತ್ತೇನೆ.

ಆಕ್ಟಿವೇಶನ್ ಒಂದು ಬೀಗ, ಲೈಸೆನ್ಸ್ ಒಂದು ಹಕ್ಕು. ಬೀಗ ತೆರೆದಿದೆ ಎಂದ ಮಾತ್ರಕ್ಕೆ ಮನೆ ನಿಮ್ಮ ಹೆಸರಿಗೆ ಖಾತೆ ಆಗಿರುವುದಿಲ್ಲ. ಪರದೆ ಮೇಲೆ ಕಾಣುವ ‘ಆಕ್ಟಿವೇಟೆಡ್’ ಎಂಬ ಪದ ಬೀಗ ತೆರೆದಿದೆ ಎಂದಷ್ಟೇ ಹೇಳುತ್ತದೆ. ಕೀಲಿ ಯಾರದು, ಅಸಲಿಯೋ ನಕಲಿಯೋ ಎಂಬುದನ್ನು ಅದು ಹೇಳುವುದೇ ಇಲ್ಲ.

ಅಂಗಡಿಗಳಲ್ಲಿ ಹೆಚ್ಚಾಗಿ ನಡೆಯುವುದು ಹೀಗೆ. ದೊಡ್ಡ ಕಚೇರಿ, ಕಾಲೇಜುಗಳಿಗಾಗಿ ಮೈಕ್ರೋಸಾಫ್ಟ್ ಕೆಎಂಎಸ್ ಎಂಬ ವ್ಯವಸ್ಥೆ ಇಟ್ಟಿದೆ. ನೂರಾರು ಕಂಪ್ಯೂಟರ್‌ಗಳು ಒಂದೊಂದಾಗಿ ಮೈಕ್ರೋಸಾಫ್ಟನ್ನು ಕೇಳುವ ಬದಲು, ಸಂಸ್ಥೆಯ ಒಳಗೇ ಇರುವ ಒಂದು ಸರ್ವರನ್ನು ಕೇಳುತ್ತವೆ. ಕನಿಷ್ಠ 25 ಕಂಪ್ಯೂಟರ್ ಕೇಳುವ ತನಕ ಆ ಸರ್ವರ್ ವಿಂಡೋಸ್ ಕಂಪ್ಯೂಟರ್‌ಗಳಿಗೆ ಒಪ್ಪಿಗೆ ಕೊಡುವುದಿಲ್ಲ. ಕೊಟ್ಟ ಒಪ್ಪಿಗೆಯ ಅವಧಿ 180 ದಿನ. ಕಂಪ್ಯೂಟರ್ 7 ದಿನಕ್ಕೊಮ್ಮೆ ಅದನ್ನು ನವೀಕರಿಸಿಕೊಳ್ಳಲು ಯತ್ನಿಸುತ್ತದೆ. ಅಂಗಡಿಯವರ ಪೆನ್‌ಡ್ರೈವ್‌ನಲ್ಲಿರುವ ‘ಆಕ್ಟಿವೇಟರ್’ ಮಾಡುವ ಕೆಲಸ ಏನೆಂದರೆ, ಅಂಥ ಸರ್ವರಿನ ಒಂದು ನಕಲಿಯನ್ನು ನಿಮ್ಮ ಲ್ಯಾಪ್‌ಟಾಪ್ ಒಳಗೇ ಕೂರಿಸುವುದು. ವಿಂಡೋಸ್ ಕೇಳುತ್ತದೆ, ಪಕ್ಕದಲ್ಲೇ ಕೂತ ನಕಲಿ ಸರ್ವರ್ ಹೂಂ ಅನ್ನುತ್ತದೆ. ಅರ್ಜಿಯನ್ನೂ ನೀವೇ ಬರೆದು ತಹಶೀಲ್ದಾರರ ಸೀಲನ್ನೂ ನೀವೇ ಒತ್ತಿಕೊಂಡಂತೆ. 180 ದಿನ ಕಳೆದ ಮೇಲೂ ನಡೆಯಬೇಕಲ್ಲ, ಅದಕ್ಕೆ, ಹೇಳಿದ ಹೊತ್ತಿಗೆ ಪ್ರೋಗ್ರಾಮ್ ಓಡಿಸುವ ಟಾಸ್ಕ್ ಶೆಡ್ಯೂಲರ್‌ನಲ್ಲಿ ಒಂದು ಕೆಲಸವನ್ನು ನೇಮಿಸಿ ಹೋಗುತ್ತದೆ. ಅಂದರೆ ಅದು ಒಮ್ಮೆ ಓಡಿ ಸುಮ್ಮನಾಗುವ ಪ್ರೋಗ್ರಾಮ್ ಅಲ್ಲ, ಸದಾ ನಿಮ್ಮ ಮನೆಯಲ್ಲೇ ಉಳಿಯುವ ಅತಿಥಿ.

ಇದನ್ನು ನೀವೇ ಪರೀಕ್ಷಿಸಿ ನೋಡಬಹುದು. ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಶನ್ ಎಂಬಲ್ಲಿಗೆ ಹೋಗಿ ಆ ಸಾಲನ್ನು ಪೂರ್ತಿ ಓದಿ. ‘ನಿಮ್ಮ ಸಂಸ್ಥೆಯ ಆಕ್ಟಿವೇಶನ್ ಸೇವೆಯಿಂದ’ ಆಕ್ಟಿವೇಟ್ ಆಗಿದೆ ಎಂಬ ಅರ್ಥದ ಇಂಗ್ಲಿಷ್ ವಾಕ್ಯ ಇದ್ದು, ಲ್ಯಾಪ್‌ಟಾಪ್ ನಿಮ್ಮ ಸ್ವಂತದ್ದಾಗಿದ್ದರೆ, ಮುಂದೆ ಕೇಳುವುದೇ ಬೇಡ. ನಿಮಗೆ ಯಾವ ಸಂಸ್ಥೆ? ಇನ್ನೂ ಖಚಿತ ಬೇಕಿದ್ದರೆ ವಿಂಡೋಸ್ ಕೀ ಜೊತೆ ಆರ್ ಒತ್ತಿ. ಬರುವ ಪುಟ್ಟ ಡಬ್ಬಿಯಲ್ಲಿ ಎಸ್, ಎಲ್, ಎಂ, ಜಿ, ಆರ್ ಎಂಬ ಐದು ಇಂಗ್ಲಿಷ್ ಅಕ್ಷರ ಟೈಪಿಸಿ, ಒಂದು ಸ್ಪೇಸ್ ಬಿಟ್ಟು, ಮುಂದಕ್ಕೆ ಬಾಗಿದ ಸ್ಲ್ಯಾಶ್ ಹಾಕಿ, ಅದಕ್ಕೆ ಅಂಟಿಸಿ ಡಿ, ಎಲ್, ವಿ ಎಂದು ಬರೆದು ಎಂಟರ್ ಒತ್ತಿ. ಕೆಲವು ಸೆಕೆಂಡಿನಲ್ಲಿ ತೆರೆಯುವ ಕಿಟಕಿಯಲ್ಲಿ ‘ಡಿಸ್ಕ್ರಿಪ್ಶನ್’ ಸಾಲಿನ ಕೊನೆ ನೋಡಿ. ‘ಓಇಎಂ’ ಎಂದಿದ್ದರೆ ಲ್ಯಾಪ್‌ಟಾಪ್ ಜೊತೆ ಬಂದದ್ದು. ‘ರೀಟೇಲ್’ ಎಂದರೆ ಬಿಡಿಯಾಗಿ ಕೊಂಡದ್ದು. ‘ವಾಲ್ಯೂಮ್ ಕೆಎಂಎಸ್ ಕ್ಲೈಂಟ್’ ಎಂದಿದ್ದರೆ ಸಂಸ್ಥೆಗಳ ವ್ಯವಸ್ಥೆ. ಅದೇ ಕಿಟಕಿಯಲ್ಲಿ ಕೆಎಂಎಸ್ ಯಂತ್ರದ ವಿಳಾಸ 127 ರಿಂದ ಶುರುವಾದರೆ ನಿಮ್ಮ ಕಂಪ್ಯೂಟರ್ ತನಗೆ ತಾನೇ ಒಪ್ಪಿಗೆ ಕೊಟ್ಟುಕೊಳ್ಳುತ್ತಿದೆ ಎಂದರ್ಥ. ಡಿಎಲ್‌ವಿ ಬದಲು ಎಕ್ಸ್, ಪಿ, ಆರ್ ಎಂದು ಹಾಕಿದರೆ ಅವಧಿ ತೋರಿಸುತ್ತದೆ. ಅಲ್ಲಿ 2038ರ ಜನವರಿಯ ದಿನಾಂಕ ಕಂಡರೆ ಅದೂ ಕಳ್ಳ ಆಕ್ಟಿವೇಶನ್ನೇ. ಮೈಕ್ರೋಸಾಫ್ಟ್ ಯಾರಿಗೂ 2038ರ ತನಕ ಕೆಎಂಎಸ್ ಒಪ್ಪಿಗೆ ಕೊಡುವುದಿಲ್ಲ.

ಈ ಪರೀಕ್ಷೆಗೂ ಒಂದು ಮಿತಿ ಇದೆ. ಇನ್ನೊಂದು ಬಗೆಯ ಆಕ್ಟಿವೇಟರ್ ಮೈಕ್ರೋಸಾಫ್ಟ್ ಸರ್ವರಿನಿಂದಲೇ ಡಿಜಿಟಲ್ ಲೈಸೆನ್ಸ್, ಅಂದರೆ ಆ ಕಂಪ್ಯೂಟರಿನ ಹೆಸರಿಗೆ ದಾಖಲಾಗುವ ಒಪ್ಪಿಗೆ, ಗಿಟ್ಟಿಸಿಕೊಳ್ಳುತ್ತದೆ. ಆಗ ಪರದೆ ಮೇಲೆ ಅಸಲಿಗೂ ಅದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇರುವುದಿಲ್ಲ. ಅದಕ್ಕೇ ಹೇಳುವುದು, ಪುರಾವೆ ಇರುವುದು ಪರದೆಯಲ್ಲಲ್ಲ, ಬಿಲ್ಲಿನಲ್ಲಿ. ಅಸೆಂಬಲ್ ಮಾಡಿಸಿದ ಕಂಪ್ಯೂಟರಿನ ಬಿಲ್ಲಿನಲ್ಲಿ ಪ್ರೊಸೆಸರ್, ರ‍್ಯಾಮ್, ಕ್ಯಾಬಿನೆಟ್ ಇದ್ದು ವಿಂಡೋಸ್ ಎಂಬ ಸಾಲು ಇಲ್ಲದಿದ್ದರೆ ನೀವು ವಿಂಡೋಸ್ ಕೊಂಡಿಲ್ಲ. ಅಷ್ಟೇ.

‘ಅಪ್‌ಡೇಟ್ ಬರುತ್ತಿದೆಯಲ್ಲ’ ಎಂಬ ಮಾತಿಗೆ ಬರೋಣ. ಆಕ್ಟಿವೇಟ್ ಮಾಡದೆ ಬಿಟ್ಟ ವಿಂಡೋಸ್‌ಗೂ ಭದ್ರತಾ ಅಪ್‌ಡೇಟ್ ಬರುತ್ತದೆ. ವಾಲ್‌ಪೇಪರ್ ಬದಲಿಸಲು ಬಿಡುವುದಿಲ್ಲ, ಮೂಲೆಯಲ್ಲಿ ನೀರಚ್ಚು (ವಾಟರ್‌ಮಾರ್ಕ್) ಕಾಣುತ್ತದೆ, ಆದರೆ ಅಪ್‌ಡೇಟ್ ನಿಲ್ಲುವುದಿಲ್ಲ. ಸೋಂಕು ಹಿಡಿದ ಕಂಪ್ಯೂಟರ್ ಲೈಸೆನ್ಸ್ ಇರುವವರಿಗೂ ಇಲ್ಲದವರಿಗೂ ಸಮನಾಗಿ ಕಾಟ ಕೊಡುತ್ತದೆ. ಆದ್ದರಿಂದ ಅಪ್‌ಡೇಟ್ ತಡೆದು ಯಾರಿಗೂ ಲಾಭವಿಲ್ಲ. ಅದು ಅಸಲಿತನದ ಗುರುತಲ್ಲ.

ಇನ್ನು ‘ಆಂಟಿವೈರಸ್ ಸುಮ್ಮನೆ ಹೆದರಿಸುತ್ತದೆ, ಆಫ್ ಮಾಡಿ ಹಾಕಿದರೆ ಆಯಿತು’ ಎಂಬ ನಂಬಿಕೆ. ಹೆಚ್ಚು ಜನರ ಕೈ ಸುಡುವುದು ಇದರಿಂದಲೇ. ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಆದ ಡಿಫೆಂಡರ್ ಇಂಥ ಸಾಧನಗಳನ್ನು ‘ಹ್ಯಾಕ್‌ಟೂಲ್’ ಎಂಬ ಹೆಸರಿನಲ್ಲಿ ಹಿಡಿಯುತ್ತದೆ ನಿಜ, ಅದು ‘ಟ್ರೋಜನ್’ (ಬೇರೆ ವೇಷದಲ್ಲಿ ಒಳನುಗ್ಗುವ ಕಳ್ಳ ಪ್ರೋಗ್ರಾಮ್) ಎಂಬ ಹೆಸರಿಗಿಂತ ಬೇರೆ ಎಂಬುದೂ ನಿಜ. ಆದರೆ ಡಿಫೆಂಡರ್ ಆಫ್ ಮಾಡಿದ ಮೇಲೆ ಆ ವ್ಯತ್ಯಾಸ ತಿಳಿಸುವವರು ಯಾರು? 2021ರಲ್ಲಿ ಕೆಎಂಎಸ್‌ಪಿಕೊ ಎಂಬ ಆಕ್ಟಿವೇಟರಿನ ವೇಷದಲ್ಲಿ ಕ್ರಿಪ್ಟ್‌ಬಾಟ್ ಎಂಬ ಕಳ್ಳ ಪ್ರೋಗ್ರಾಮ್ ಹರಡಿತು. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್, ಕ್ರಿಪ್ಟೋ ವಾಲೆಟ್‌ಗಳನ್ನು ಅದು ದೋಚುತ್ತಿತ್ತು. ವಿಂಡೋಸ್ ಆಕ್ಟಿವೇಟ್ ಆದ ಸಂತೋಷದಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ಸ್ಟಾಪ್ ಅಥವಾ ಡಿಜೆವಿಯು ಎಂಬ ರ‍್ಯಾನ್ಸಮ್‌ವೇರ್ ಹರಡಿದ್ದೂ ಮುಖ್ಯವಾಗಿ ಬೀಗ ಮುರಿಯುವ ಕ್ರ್ಯಾಕ್ ಮತ್ತು ನಕಲಿ ಕೀ ತಯಾರಿಸುವ ಕೀಜೆನ್‌ಗಳ ಮೂಲಕವೇ. ಫೋಟೋ, ಕಡತಗಳನ್ನೆಲ್ಲ ಗೂಢಲಿಪಿ ಮಾಡಿ ಹಣ ಕೇಳುತ್ತದೆ. 2019ರ ಅಕ್ಟೋಬರ್‌ನಲ್ಲಿ ಎಮ್ಸಿಸಾಫ್ಟ್ ಕಂಪನಿ ಅದರ 148 ರೂಪಗಳಿಗೆ ಉಚಿತ ಪರಿಹಾರ ಬಿಟ್ಟಿತು. ಆಮೇಲಿನ ರೂಪಗಳಲ್ಲಿ ಪ್ರತಿ ಕಂಪ್ಯೂಟರಿಗೂ ಕಳ್ಳರ ಸರ್ವರಿನಿಂದ ಬೇರೆ ಬೇರೆ ಗೂಢಲಿಪಿ ಕೀ ಬಂದಿದ್ದರೆ ಕಡತ ವಾಪಸು ಪಡೆಯುವ ದಾರಿಯಿಲ್ಲ.

ಅಂಗಡಿಯವರು ಒಳ್ಳೆಯವರೇ ಇರಬಹುದು, ಅವರ ಆಕ್ಟಿವೇಟರಿನಲ್ಲಿ ವೈರಸ್ ಇಲ್ಲದೆಯೂ ಇರಬಹುದು. ಆದರೂ ಒಂದು ಬಾಗಿಲು ತೆರೆದೇ ಉಳಿದಿರುತ್ತದೆ. ವಿಂಡೋಸ್ ಸೆಕ್ಯೂರಿಟಿಯಲ್ಲಿ ವೈರಸ್ ಪ್ರೊಟೆಕ್ಷನ್, ಮ್ಯಾನೇಜ್ ಸೆಟ್ಟಿಂಗ್ಸ್, ಕೊನೆಯಲ್ಲಿ ‘ಎಕ್ಸ್‌ಕ್ಲೂಷನ್ಸ್’, ಅಂದರೆ ಡಿಫೆಂಡರ್ ತಪಾಸಣೆ ಮಾಡದೆ ಬಿಡುವ ಜಾಗಗಳ ಪಟ್ಟಿ, ತೆರೆದು ನೋಡಿ. ಆಕ್ಟಿವೇಟರನ್ನು ಡಿಫೆಂಡರ್ ಅಳಿಸದಿರಲಿ ಎಂದು ಯಾವುದೋ ಫೋಲ್ಡರನ್ನು, ಕೆಲವೊಮ್ಮೆ ಇಡೀ ಸಿ ಡ್ರೈವನ್ನೇ, ಅಲ್ಲಿ ಸೇರಿಸಿರುತ್ತಾರೆ. ಸಿ ಡ್ರೈವ್ ಅಲ್ಲಿದ್ದರೆ ನಿಮ್ಮ ಕಂಪ್ಯೂಟರಿನಲ್ಲಿ ಆಂಟಿವೈರಸ್ ಇದೆ ಎಂದು ಹೇಳಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಈಗ ಪರಿಹಾರ. ನಿಮ್ಮ ಲ್ಯಾಪ್‌ಟಾಪ್ ಬ್ರ್ಯಾಂಡೆಡ್ ಆಗಿದ್ದು, ಕೊಂಡಾಗ ವಿಂಡೋಸ್ 10 ಅಥವಾ ನಂತರದ ವಿಂಡೋಸ್ ಜೊತೆಗೇ ಬಂದಿದ್ದರೆ, ಅಸಲಿ ಕೀ ಇವತ್ತಿಗೂ ಮದರ್‌ಬೋರ್ಡಿನ ಚಿಪ್ಪಿನಲ್ಲೇ ಇದೆ. ಫಾರ್ಮ್ಯಾಟ್ ಮಾಡಿದರೆ ಅದು ಅಳಿಸಿಹೋಗುವುದಿಲ್ಲ. ನೀವು ದುಡ್ಡು ಕೊಟ್ಟು ಕೊಂಡದ್ದು ಬಹುಶಃ ಹೋಮ್ ಆವೃತ್ತಿ. ಅಂಗಡಿಯವರು ಹಾಕಿದ್ದು ಪ್ರೊ. ಹೋಮ್‌ನ ಕೀ ಪ್ರೊಗೆ ನಡೆಯುವುದಿಲ್ಲ, ಅದಕ್ಕೇ ಆಕ್ಟಿವೇಟರ್ ಬೇಕಾಯಿತು. ಹಕ್ಕು ಮನೆಯಲ್ಲೇ ಇದ್ದು ಕದ್ದದ್ದನ್ನು ಬಳಸುವ ಸ್ಥಿತಿ ಇದು, ನಿಜಕ್ಕೂ ಬೇಸರದ ಸಂಗತಿ.

ಮಾಡಬೇಕಾದ್ದು ಇಷ್ಟು. ನಿಮ್ಮ ಕಡತ, ಫೋಟೋಗಳನ್ನು ಹೊರಗಿನ ಡಿಸ್ಕಿಗೆ ನಕಲಿಸಿ, ಇನ್‌ಸ್ಟಾಲರ್ ಮತ್ತು ಪ್ರೋಗ್ರಾಮ್‌ಗಳು ಬೇಡ. ಸೋಂಕಿಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಶನ್ ಟೂಲ್ ಬಳಸಿ ಕನಿಷ್ಠ 8 ಜಿಬಿಯ ಖಾಲಿ ಪೆನ್‌ಡ್ರೈವ್‌ನಲ್ಲಿ ವಿಂಡೋಸ್ ತಯಾರಿಸಿ. ಅದರಿಂದ ಬೂಟ್ ಮಾಡಿ (ಅಂದರೆ ಆ ಪೆನ್‌ಡ್ರೈವ್‌ನಿಂದಲೇ ಕಂಪ್ಯೂಟರ್ ಶುರು ಮಾಡಿ), ಸಿ ಡ್ರೈವಿನ ಹಳೆಯ ಪಾರ್ಟಿಷನ್ ಅಳಿಸಿ ಹೊಸದಾಗಿ ಹಾಕಿ. ಸೆಟಪ್ ಚಿಪ್ಪಿನಲ್ಲಿರುವ ಕೀಯನ್ನು ತಾನೇ ಓದಿ ಹೋಮ್ ಆವೃತ್ತಿ ಆರಿಸಿಕೊಳ್ಳುತ್ತದೆ, ಇಂಟರ್ನೆಟ್ ಸಿಕ್ಕೊಡನೆ ಆಕ್ಟಿವೇಟ್ ಆಗುತ್ತದೆ. ಇದೆಲ್ಲ ಮುಗಿದ ಮೇಲೆ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿ. ಕ್ರಮ ತಪ್ಪಬಾರದು. ಸೋಂಕಿರುವ ಕಂಪ್ಯೂಟರಿನಲ್ಲೇ ಪಾಸ್‌ವರ್ಡ್ ಬದಲಿಸಿದರೆ ಹೊಸದೂ ಕಳ್ಳನ ಕೈ ಸೇರುತ್ತದೆ. ಆಫೀಸ್ ಬದಲಿಗೆ ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಸಾಕಾಗುವವರೇ ಹೆಚ್ಚು.

ಆನ್‌ಲೈನಿನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ಕೀ ಕೊಳ್ಳಬೇಡಿ. ಅವುಗಳಲ್ಲಿ ಅನೇಕವು ಯಾವುದೋ ಸಂಸ್ಥೆಗೆ ಕೊಟ್ಟ, ಎಣಿಕೆಯ ಮಿತಿ ಇರುವ ಕೀಗಳು. ಇಂದು ನಡೆದು ನಾಳೆ ‘ಕೀ ತಡೆಯಲಾಗಿದೆ’ ಎಂಬ ದೋಷ ಬರುತ್ತದೆ.

ಕಾನೂನಿನ ಬಗ್ಗೆ ಒಂದು ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ ನಕಲಿ ಎಂದು ಗೊತ್ತಿದ್ದೂ ಬಳಸಿದವರಿಗೆ 7 ದಿನದಿಂದ 3 ವರ್ಷದವರೆಗೆ ಸೆರೆ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರಕ್ಕಲ್ಲದ ಬಳಕೆಯಾದರೆ ನ್ಯಾಯಾಲಯ ಸೆರೆ ಬಿಟ್ಟು 50,000ದವರೆಗಿನ ದಂಡ ಮಾತ್ರ ವಿಧಿಸಬಹುದು. ಅಂಗಡಿ, ಕಚೇರಿ, ಸ್ಟುಡಿಯೋ ನಡೆಸುವವರಿಗೆ ಆ ರಿಯಾಯಿತಿ ಇಲ್ಲ.

ಇಷ್ಟು ಹೇಳಿದ ಮೇಲೆ ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು, ಅದನ್ನು ಯಾರೂ ಕೇಳುವುದಿಲ್ಲ. ಹಕ್ಕು ಇದ್ದೂ ಬೀಗ ತೆರೆಯದಿದ್ದರೆ?

ಇದೂ ಆಗುತ್ತದೆ. ಸೇಫ್‌ಡಿಸ್ಕ್ ಎಂಬ ಬೀಗ ಹಾಕಿದ ಗೇಮ್ ಸಿಡಿಗಳು 2000ದ ದಶಕದಲ್ಲಿ ಬಹಳ ಬಂದವು. ಅದನ್ನು ವಿಂಡೋಸ್ ಜೊತೆ ಜೋಡಿಸುವ ತಂತ್ರಾಂಶವಾದ ಡ್ರೈವರಿನಲ್ಲಿ ಭದ್ರತೆಯ ತೊಂದರೆ ಇದ್ದುದರಿಂದ 2015ರ ವಿಂಡೋಸ್ 10ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿತು. ದುಡ್ಡು ಕೊಟ್ಟು ಕೊಂಡವರ ಸಿಡಿ ನಿಂತುಹೋಯಿತು, ಕ್ರ್ಯಾಕ್ ಹಾಕಿಕೊಂಡವರದ್ದು ನಡೆಯಿತು.

ನಮ್ಮ ಡಿಟಿಪಿ ಅಂಗಡಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಶ್ರೀಲಿಪಿಯಂಥ ಕನ್ನಡ ಅಕ್ಷರಜೋಡಣೆಯ ತಂತ್ರಾಂಶಕ್ಕೆ ಕೊಡುತ್ತಿದ್ದ ‘ಲಾಕ್’, ಅಂದರೆ ಡಾಂಗಲ್, ಎಷ್ಟೋ ಕಡೆ ಇನ್ನೂ ಡ್ರಾಯರಿನಲ್ಲಿದೆ. ತಂತ್ರಾಂಶ ಪೋರ್ಟಿನ ಮೂಲಕ ಒಂದು ಪ್ರಶ್ನೆ ಕಳಿಸುತ್ತದೆ, ಲಾಕ್‌ನೊಳಗಿನ ಚಿಪ್ ಉತ್ತರ ಕೊಡುತ್ತದೆ, ಸರಿಹೊಂದಿದರೆ ಕೆಲಸ ಶುರು. ಹಳೆಯ ಲಾಕ್‌ಗಳು 25 ಪಿನ್ನಿನ ಪ್ರಿಂಟರ್ (ಪ್ಯಾರಲಲ್) ಪೋರ್ಟಿಗೆ ಸಿಕ್ಕಿಸುವಂಥವು. ಹೊಸ ಕಂಪ್ಯೂಟರಿನಲ್ಲಿ ಆ ಪೋರ್ಟ್ ಇಲ್ಲ ಅಂತ ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಬದಲಿಸುವ ಕೇಬಲ್ ಕೊಳ್ಳಬೇಡಿ. ಆ ಕೇಬಲ್ ಪ್ರಿಂಟರಿಗೆ ಮಾತ್ರ. ಲಾಕ್‌ಗೆ ಬೇಕಾದ ನೇರ ಪೋರ್ಟ್ ವಿಳಾಸವನ್ನು ಅದು ಕೊಡುವುದಿಲ್ಲ. ಕಂಪ್ಯೂಟರಿನೊಳಗೆ ಸಿಕ್ಕಿಸುವ ಪಿಸಿಐ ಪ್ಯಾರಲಲ್ ಕಾರ್ಡ್ ಕೆಲವೊಮ್ಮೆ ನಡೆಯುತ್ತದೆ, ಆದರೆ 64 ಬಿಟ್ ವಿಂಡೋಸ್‌ಗೆ ಡಿಜಿಟಲ್ ಸಹಿ ಇರುವ ಡ್ರೈವರ್ ಇಲ್ಲದಿದ್ದರೆ ಅಲ್ಲಿಗೂ ಕೆಲಸ ನಿಲ್ಲುತ್ತದೆ.

ಹಾಗಾಗಿ ಲಾಕ್ ನಡೆಯುವ ಹಳೆಯ ಕಂಪ್ಯೂಟರ್ ಇನ್ನೂ ಜೀವಂತ ಇರುವಾಗಲೇ ಕನ್ನಡ ಕಡತಗಳನ್ನೆಲ್ಲ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರಸಂಕೇತವಾದ ಯುನಿಕೋಡ್‌ಗೆ ಬದಲಿಸಿಕೊಳ್ಳಿ. ಜೊತೆಗೆ ಪ್ರತಿಯೊಂದರ ಪಿಡಿಎಫ್ ಇಟ್ಟುಕೊಳ್ಳಿ, ಆಮೇಲೆ ತಾಳೆ ನೋಡಲು ಬೇಕಾಗುತ್ತದೆ. ನುಡಿ, ಬರಹ ಫಾಂಟಿನ ಕಡತಗಳಿಗೆ ಉಚಿತ ಪರಿವರ್ತಕಗಳಿವೆ. ಬೇರೆ ತಂತ್ರಾಂಶದ ಅಕ್ಷರಸಂಕೇತ ಬೇರೆ, ಅದಕ್ಕೆ ಅದರದ್ದೇ ಪರಿವರ್ತಕ ಬೇಕು. ಒಂದರದ್ದನ್ನು ಇನ್ನೊಂದಕ್ಕೆ ಹಾಕಿದರೆ ಪುಟವಿಡೀ ಕಲಸುಮೇಲೋಗರ. ಬದಲಿಸಿದ ಮೇಲೆ ಮೊದಲು ಅರ್ಕಾವತ್ತು ನೋಡಿ. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ವ್ಯಂಜನದ ನಂತರ ಕೂತಿರುತ್ತದೆ, ಯುನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ‘ಸೂರ್ಯ’, ‘ಕಾರ್ಯ’, ‘ವರ್ಷ’ ಈ ಮೂರು ಪದಗಳನ್ನು ಹುಡುಕಿ ನೋಡಿದರೆ ಪರಿವರ್ತಕ ಸರಿ ಇದೆಯೇ ಎಂದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ.