−20 ಡಿಗ್ರಿ ತಡೆಯುವ ಕತ್ತಾಳೆ −8ರಲ್ಲೇ ಕೊಳೆತದ್ದೇಕೆ?

ಪ್ರಶ್ನೆ: ನಾವಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. −20 ಡಿಗ್ರಿ ಸೆಲ್ಸಿಯಸ್ ಚಳಿಗೂ ಜಗ್ಗುವುದಿಲ್ಲ ಎಂದು ನರ್ಸರಿಯವರು ಹೇಳಿದ್ದರಿಂದ ಅಗೇವ್ ಪ್ಯಾರಿಯೈ ಎಂಬ ಕತ್ತಾಳೆ ತಂದು, ಸೆಪ್ಟೆಂಬರಿನಲ್ಲಿ ಹಿತ್ತಿಲಲ್ಲಿ ನೆಟ್ಟೆವು. ಚಳಿ −8ಕ್ಕಿಂತ ಕೆಳಗಿಳಿಯಲೇ ಇಲ್ಲ. ಆದರೂ ಫೆಬ್ರುವರಿಯಲ್ಲಿ ಗಿಡದ ಸುಳಿ ಕೊಳೆತಿತ್ತು. ತಪ್ಪಿದ್ದೆಲ್ಲಿ?

ಉತ್ತರ: ಈ ಗಿಡವನ್ನು ಕೊಂದದ್ದು ಬಹುಮಟ್ಟಿಗೆ ಚಳಿಗಾಲದ ತೇವ. ನರ್ಸರಿಯವರು ಹೇಳಿದ −20 ಸುಳ್ಳೇನಲ್ಲ. ಆದರೆ ಅದು ಬೇರಿನ ಸುತ್ತಲ ಮಣ್ಣು ಒಣಗಿರುವ ಗಿಡದ ಲೆಕ್ಕ.

ಪ್ಯಾರಿಯೈ ಅರಿಜೋನಾ, ನ್ಯೂಮೆಕ್ಸಿಕೊ ಮತ್ತು ಉತ್ತರ ಮೆಕ್ಸಿಕೊದ ಬೆಟ್ಟಗಳ ಗಿಡ. ಸುಮಾರು 1,200ರಿಂದ 2,400 ಮೀಟರ್ ಎತ್ತರದಲ್ಲಿ, ಓಕ್ ಮತ್ತು ಜೂನಿಪರ್ ಮರಗಳ ನಡುವಿನ ಕಲ್ಲುಗುಡ್ಡಗಳಲ್ಲಿ ಬೆಳೆಯುತ್ತದೆ. ಅಲ್ಲೂ ಹಿಮ ಬೀಳುತ್ತದೆ. ಆದರೆ ಕರಗಿದ ನೀರು ಬುಡದಲ್ಲಿ ನಿಲ್ಲದೆ ಕಲ್ಲಿನ ಸಂದಿಯಲ್ಲಿ ಇಳಿದುಹೋಗುತ್ತದೆ. ರಾತ್ರಿಯ ತಣ್ಣನೆಯ ಗಾಳಿ ಭಾರವಾಗಿ ಕಣಿವೆಗೆ ಜಾರುವುದರಿಂದ ಇಳಿಜಾರು ತುಸು ಬೆಚ್ಚಗೂ ಇರುತ್ತದೆ.

ಶರತ್ಕಾಲದಲ್ಲಿ ರಾತ್ರಿಗಳು ತಣ್ಣಗಾಗುತ್ತಾ ಬಂದಂತೆ ಗಿಡ ಎಲೆಯೊಳಗಿನ ನೀರನ್ನು ಕಡಿಮೆ ಮಾಡಿಕೊಳ್ಳುತ್ತದೆ. ಜೀವಕೋಶದ ರಸದಲ್ಲಿ ಸಕ್ಕರೆ ಸಾಂದ್ರವಾಗುತ್ತದೆ. ಮಂಜುಗಡ್ಡೆ ಕಟ್ಟಿದರೂ ಕೋಶಗಳ ಹೊರಗೆ ಕಟ್ಟುತ್ತದೆ, ಕೋಶ ಉಳಿಯುತ್ತದೆ. ಮಣ್ಣು ಒದ್ದೆಯಾಗಿದ್ದರೆ ಎಲೆಗಳು ನೀರು ತುಂಬಿಕೊಂಡೇ ಇರುತ್ತವೆ, ಈ ಸಿದ್ಧತೆ ಅರ್ಧಕ್ಕೇ ನಿಲ್ಲುತ್ತದೆ. ಜೊತೆಗೆ ಸುಳಿಯಲ್ಲಿ ನಿಂತ ನೀರು ರಾತ್ರಿ ಹೆಪ್ಪುಗಟ್ಟಿ ಹಗಲು ಕರಗಿದಾಗ ಎಳೆಯ ಎಲೆಗಳಿಗೆ ಗಾಯವಾಗಿ, ಅಲ್ಲಿಂದ ಶಿಲೀಂಧ್ರ ಒಳಹೊಗುತ್ತದೆ. ಒಂದೇ ಸಲ ಬಿದ್ದು ಗಟ್ಟಿಯಾಗಿ ಉಳಿಯುವ ಒಣ ಹಿಮಕ್ಕಿಂತ 2 ಡಿಗ್ರಿಯ ಜಿಟಿಜಿಟಿ ಮಳೆಯೇ ಇದಕ್ಕೆ ದೊಡ್ಡ ಶತ್ರು.

ಇನ್ನೊಂದು ಅನುಮಾನ ತಳಿಯದು. ಅಗಲವಾದ, ಮೊಂಡು ತುದಿಯ ಎಲೆಗಳಿರುವ ‘ಟ್ರಂಕಾಟ’ ಎಂಬ ರೂಪ ನರ್ಸರಿಗಳಲ್ಲಿ ಹೆಚ್ಚು ಸಿಗುತ್ತದೆ, ನೋಡಲೂ ಚಂದ. ಅದು ಹೆಚ್ಚು ದಕ್ಷಿಣದ್ದು, ಅಷ್ಟು ಚಳಿ ತಾಳದು. ನಿಮ್ಮ ಊರಿಗೆ ‘ನಿಯೋಮೆಕ್ಸಿಕಾನ’ ಎಂಬ ರೂಪ ಕೇಳಿ ತನ್ನಿ.

ಈ ಸಲ ಕೊನೆಯ ಹಿಮಪಾತ ಕಳೆದ ಮೇಲೆ, ಮೇ ತಿಂಗಳಲ್ಲಿ ನೆಡಿ. ಸೆಪ್ಟೆಂಬರಿನಲ್ಲಿ ನೆಟ್ಟ ಗಿಡಕ್ಕೆ ಬೇರು ಬಿಡಲು ಸಮಯವೇ ಸಿಗುವುದಿಲ್ಲ. ದಕ್ಷಿಣ ದಿಕ್ಕಿನ ಗೋಡೆಯ ಪಕ್ಕ, ಸೂರಿನ ನೀರು ಬೀಳದ ಕಡೆ, 40 ಸೆಂಟಿಮೀಟರ್ ಎತ್ತರದ ದಿಬ್ಬ ಮಾಡಿ. ಅದರಲ್ಲಿ ಮೂರು ಪಾಲಿನಲ್ಲಿ ಎರಡು ಪಾಲು 6–10 ಮಿಲಿಮೀಟರ್ ಜಲ್ಲಿ ಮತ್ತು ದಪ್ಪ ಮರಳು, ಒಂದು ಪಾಲು ಸಾಮಾನ್ಯ ತೋಟದ ಮಣ್ಣು ಇರಲಿ. ಕಾಂಪೋಸ್ಟ್, ತೆಂಗಿನ ನಾರಿನ ಪುಡಿ ಬೇಡವೇ ಬೇಡ, ಅವು ನೀರು ಹಿಡಿದಿಡುತ್ತವೆ. ಜೇಡಿಮಣ್ಣಿನಲ್ಲಿ ಗುಂಡಿ ತೋಡಿ ಜಲ್ಲಿ ತುಂಬುವವರಿದ್ದಾರೆ. ಅದು ಸುತ್ತಲಿನ ನೀರೆಲ್ಲ ಬಂದು ನಿಲ್ಲುವ ತೊಟ್ಟಿಯಾಗುತ್ತದೆ, ಹಾಗೆ ಮಾಡಬೇಡಿ.

ನರ್ಸರಿ ಕುಂಡದ ಮೆತ್ತನೆಯ ಮಣ್ಣನ್ನು ಬೇರಿನಿಂದ ಪೂರ್ತಿ ಉದುರಿಸಿ. ಕೈಗವಸು ಹಾಕಿಕೊಳ್ಳಿ: ಮುಳ್ಳಿನದಷ್ಟೇ ಅಲ್ಲ, ರಸ ತಾಗಿದರೂ ಚರ್ಮ ಉರಿಯುತ್ತದೆ. ಗಿಡದ ಕೊರಳು, ಅಂದರೆ ಬೇರು ಮತ್ತು ಎಲೆ ಸೇರುವ ಜಾಗ, ಮಣ್ಣಿಗಿಂತ 2–3 ಸೆಂಟಿಮೀಟರ್ ಮೇಲಿರಲಿ. ಗಿಡವನ್ನು ನೇರ ನಿಲ್ಲಿಸದೆ ಸುಮಾರು 20 ಡಿಗ್ರಿ ಓರೆಯಾಗಿ, ದಿಬ್ಬದ ಇಳಿಜಾರಿನ ಕಡೆಗೆ ಮುಖ ಮಾಡಿ ನೆಡಿ. ಆಗ ಸುಳಿಗೆ ಬಿದ್ದ ನೀರು ಹೊರಕ್ಕೆ ಹರಿಯುತ್ತದೆ. ಎಲ್ಲಕ್ಕಿಂತ ಹೆಚ್ಚು ಉಪಕಾರಿ ಇದೇ, ಆದರೂ ಗಿಡ ಸೊಟ್ಟಗೆ ಕಾಣುತ್ತದೆಂದು ಬಹಳ ಜನ ಮಾಡುವುದಿಲ್ಲ. ಕೊನೆಗೆ ಕೊರಳಿನ ಸುತ್ತ 5 ಸೆಂಟಿಮೀಟರ್ ಜಲ್ಲಿ ಹರಡಿ.

ಬೇಸಿಗೆಯಲ್ಲಿ ಮಣ್ಣು ಪೂರ್ತಿ ಒಣಗಿದ ಮೇಲೆ ನೀರು ಕೊಡಿ, ಸೆಪ್ಟೆಂಬರಿಗೆ ನಿಲ್ಲಿಸಿ. ಜುಲೈ ನಂತರ ಸಾರಜನಕದ ಗೊಬ್ಬರ ಹಾಕಿದರೆ ಮೆತ್ತನೆಯ ಎಲೆ ಬರುತ್ತದೆ, ಅದೇ ಮೊದಲು ಕೊಳೆಯುವುದು. ನವೆಂಬರಿನಿಂದ ಮಾರ್ಚ್‌ವರೆಗೆ ಗಿಡದ ಮೇಲೆ ಪಾಲಿಕಾರ್ಬೊನೇಟ್ ಶೀಟನ್ನು ಓರೆಯಾಗಿ ಕಟ್ಟಿ, ನಾಲ್ಕೂ ಪಕ್ಕ ತೆರೆದಿರಲಿ. ಪ್ಲಾಸ್ಟಿಕ್‌ನಲ್ಲಿ ಸುತ್ತಿದರೆ ಒಳಗೇ ಬೆವರಿ ಕೊಳೆಯುತ್ತದೆ.

ಸತ್ತಿತೆಂದುಕೊಂಡ ಗಿಡವನ್ನು ಈಗಲೇ ಎಸೆಯಬೇಡಿ. ಸುಳಿ ಹಿಡಿದು ಎಳೆದಾಗ ಕೆಟ್ಟ ವಾಸನೆಯೊಂದಿಗೆ ಕಿತ್ತುಬಂದರೆ ತಾಯಿಗಿಡ ಹೋದಂತೆಯೇ. ಆದರೆ ಬೇರಿನಿಂದ ಮರಿಗಳು ಮೇ, ಜೂನ್‌ನಲ್ಲೂ ಏಳಬಹುದು. ಅಂಗೈಯಗಲ ಆದಮೇಲೆ ಕತ್ತರಿಸಿ, ಗಾಯ ಒಣಗಲು ಒಂದು ವಾರ ನೆರಳಲ್ಲಿಟ್ಟು, ಹೊಸ ದಿಬ್ಬದಲ್ಲಿ ನೆಡಿ.