ಫ್ಲೈಯಿಂಗ್ ಟೈಗರ್ಸ್ ವಿಮಾನಗಳಿಗೆ ಶಾರ್ಕ್ ಬಾಯಿ ಯಾಕೆ?

ಪ್ರಶ್ನೆ: ಹೆಸರು ಹುಲಿಯದು, ವಿಮಾನದ ಮೂತಿ ಮಾತ್ರ ಶಾರ್ಕಿನದು. ಹೀಗೇಕೆ?

ಉತ್ತರ: ಎಷ್ಟು ಸಲ ಹೇಳಿದರೂ ಮತ್ತೆ ಬರುವ ಪ್ರಶ್ನೆ ಇದು. ಫ್ಲೈಯಿಂಗ್ ಟೈಗರ್ಸ್ ಅಂದರೆ ಎರಡನೇ ಮಹಾಯುದ್ಧದಲ್ಲಿ ಚೀನಾದ ಪರವಾಗಿ ಜಪಾನಿನ ವಿರುದ್ಧ ಹೋರಾಡಿದ ಅಮೆರಿಕನ್ ಪೈಲಟ್‌ಗಳ ಗುಂಪು. ಉತ್ತರ ಚಿಕ್ಕದು. ಶಾರ್ಕ್ ಮೊದಲು ಬಂತು, ಹುಲಿ ಆಮೇಲೆ. 1941ರ ಕೊನೆಗೆ ಬರ್ಮಾದ ಟೌಂಗೂನಲ್ಲಿ ತರಬೇತಿ ನಡೆಯುತ್ತಿದ್ದಾಗಲೇ ಗುಂಪಿನ ನಾಯಕ ಚೆನಾಲ್ಟ್ ಅವರ ಅಮೆರಿಕನ್ ಪೈಲಟ್‌ಗಳು ತಮ್ಮ ಪಿ-40 ಯುದ್ಧವಿಮಾನಗಳ ಮೂತಿಗೆ ಶಾರ್ಕಿನ ಹಲ್ಲು ಬರೆದಿದ್ದರು. ಡಿಸೆಂಬರ್ 20ರಂದು ಕುನ್ಮಿಂಗ್ ಕಡೆ ಬಂದ ಜಪಾನಿ ಬಾಂಬರ್‌ಗಳನ್ನು ಹೊಡೆದ ಮೇಲೆ ಚೀನಾದ ಪತ್ರಿಕೆಗಳು ಅವರನ್ನು ‘ಹಾರುವ ಹುಲಿಗಳು’ ಎಂದವು. ನಿಜವಾದ ಲಾಂಛನ ಇನ್ನೂ ತಡ. ಪುಟ್ಟ ರೆಕ್ಕೆಯ ಹುಲಿ, ಗೆಲುವಿನ ‘ವಿ’ ಅಕ್ಷರದೊಳಗಿಂದ ನೆಗೆಯುತ್ತಿದೆ. ಅದನ್ನು ಬರೆದುಕೊಟ್ಟವರು ಡಿಸ್ನಿ ಸ್ಟುಡಿಯೊದ ಕಲಾವಿದರು.

ಈಗ ಆ ಹಟಮಾರಿ ನಂಬಿಕೆಗೆ ಬರೋಣ. ಶಾರ್ಕ್ ಬಾಯಿ ಇವರದೇ ಕಲ್ಪನೆ ಅಂತ ಎಲ್ಲರೂ ಬರೆಯುತ್ತಾರೆ. ಅಲ್ಲ, ಖಂಡಿತ ಅಲ್ಲ. ಪತ್ರಿಕೆಯಲ್ಲಿ ಬಂದ ಒಂದು ಫೋಟೊ ನೋಡಿ ಇವರು ಬರೆದುಕೊಂಡದ್ದು. ಆ ಫೋಟೊದಲ್ಲಿದ್ದದ್ದು ಉತ್ತರ ಆಫ್ರಿಕಾದಲ್ಲಿ ಹೋರಾಡುತ್ತಿದ್ದ ಬ್ರಿಟಿಷ್ ವಾಯುಪಡೆಯ 112ನೇ ಸ್ಕ್ವಾಡ್ರನ್ನಿನ ವಿಮಾನ. ಆ ಸ್ಕ್ವಾಡ್ರನ್ನಿನ ಅಧಿಕೃತ ಲಾಂಛನದಲ್ಲಿ ಇದ್ದದ್ದು ಬೆಕ್ಕು! ಅವರಿಗಿಂತ ಮೊದಲೇ ಜರ್ಮನಿಯ ಒಂದು ತುಕಡಿ ತನ್ನ ಮೆಸ್ಸರ್‌ಶ್ಮಿಟ್ 110 ಯುದ್ಧವಿಮಾನಗಳಿಗೆ ಇದೇ ಹಲ್ಲು ಬರೆದಿತ್ತು. ಮೊದಲ ಮಹಾಯುದ್ಧದ ಕೆಲವು ವಿಮಾನಗಳಿಗೂ ಬಾಯಿ, ಕಣ್ಣು ಇದ್ದವು. ಹಾಗಾದರೆ ಹೆಸರು ಇವರಿಗೇ ಯಾಕೆ ಬಂತು? ಪಿ-40ರ ಮೂತಿ ನೋಡಿ. ಪ್ರೊಪೆಲರಿನ ಕೆಳಗೆ ಗಾಳಿ ಒಳಗೆ ಹೋಗಲು ದೊಡ್ಡ ತೂತಿದೆ. ಅದರ ಸುತ್ತ ಹಲ್ಲು, ಮೇಲೊಂದು ಕಣ್ಣು ಬರೆದರೆ ಸಾಕು, ಬೇರೆ ಯಾವ ವಿಮಾನಕ್ಕೂ ಆ ಮುಖ ಇಷ್ಟು ಚೆನ್ನಾಗಿ ಕೂರುವುದಿಲ್ಲ. ಎರವಲು ಅಂದ ಮಾತ್ರಕ್ಕೆ ಅವರ ಸಾಹಸವೇನೂ ಕಮ್ಮಿಯಾಗುವುದಿಲ್ಲ.

ಮೂರು ಸ್ಕ್ವಾಡ್ರನ್‌ಗಳಿಗೂ ಬೇರೆ ಬೇರೆ ಗುರುತಿದ್ದವು. ಮೊದಲನೆಯದು ಸೇಬಿನ ಮೇಲೆ ಆದಮ್ ಮತ್ತು ಈವ್, ಎರಡನೆಯದು ಪಾಂಡಾ, ಮೂರನೆಯದು ‘ಹೆಲ್ಸ್ ಏಂಜಲ್ಸ್’. ಗುಂಪು 1942ರ ಜುಲೈ 4ರಂದು ವಿಸರ್ಜನೆಯಾಯಿತು. ಅದರ ಜಾಗಕ್ಕೆ ಬಂದ ಅಮೆರಿಕದ 23ನೇ ಫೈಟರ್ ಗ್ರೂಪ್ ಹಲ್ಲನ್ನು ಉಳಿಸಿಕೊಂಡಿತು. ದಶಕಗಳ ನಂತರ ಅದರ ಎ-10 ಯುದ್ಧವಿಮಾನಗಳ ಮೂತಿಗೂ ಅದೇ ಬಾಯಿ.

ಯಾರೂ ಕೇಳದ ಇನ್ನೊಂದು ವಿಷಯ ಹೇಳಲೇಬೇಕು. ಈ ಪೈಲಟ್‌ಗಳು ಕಾಗದದ ಮೇಲೆ ಸೈನಿಕರಲ್ಲ, ವಿಮಾನ ಕಂಪನಿಯೊಂದರ ನೌಕರರು. ಆ ಕಂಪನಿ ಅಮೆರಿಕನ್ ಉದ್ಯಮಿ ವಿಲಿಯಂ ಪಾಲಿ ಅವರದು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದಾಗ ಅವರ ಜೊತೆ ನಿಂತವರೂ ಇದೇ ಪಾಲಿ. ಮೈಸೂರು ಸರ್ಕಾರವೂ ಹಣ ಹಾಕಿತ್ತು. ನಮ್ಮ ಎಚ್‌ಎಎಲ್‌ನ ಬೇರು ಅಲ್ಲಿದೆ.