ಗೂಟ, ಹಗ್ಗ, ಗಂಟೆ: ಲೋಹದ ಟ್ಯಾಗ್ ಕಟ್ಟಿ ಕಿಣ್ವದ ಕೆಲಸ ಅಳೆಯುವುದು

ಪ್ರೋಟೀನ್ ಕತ್ತರಿಸುವ ಕಿಣ್ವವಾದ ಟ್ರಿಪ್ಸಿನ್‌ನ ಕೆಲಸ ಅಳೆಯುವ ಪ್ರಯೋಗವನ್ನು ಮೂರು ಸಲ ಮಾಡಿದೆ. ಮೂರನೇ ಸಲ ಸರಿಯಾಯಿತು. ಮೊದಲ ಎರಡು ಸಲ ಎಲ್ಲಿ ತಪ್ಪಾಯಿತು ಅನ್ನುವುದು ತಲೆಯಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಕಿಣ್ವ, ಸಬ್‌ಸ್ಟ್ರೇಟ್, ಆರಂಭದ ವೇಗ ಇವೆಲ್ಲ ನಿಮಗೆ ಗೊತ್ತಿದೆ ಎಂದುಕೊಂಡು ಮುಂದೆ ಹೋಗುತ್ತೇನೆ.

ಏನೇನು ಬೇಕು

ಒಂದು ಚಿಕ್ಕ ಪೆಪ್ಟೈಡ್, ಅಂದರೆ ಅಮೈನೊ ಆಮ್ಲಗಳ ಸರಪಳಿ. ಅದರ ಒಂದು ತುದಿಯಲ್ಲಿ ಬಯೋಟಿನ್. ಇನ್ನೊಂದು ತುದಿಯಲ್ಲಿ ಡೋಟಾ ಎಂಬ ಉಂಗುರದಂಥ ಅಣು, ಅದರ ಹಿಡಿತದಲ್ಲಿ ಒಂದು ಟರ್ಬಿಯಂ ಅಯಾನು. ಬಯೋಟಿನ್ ತುದಿ, ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನ್ ಲೇಪಿಸಿದ ಮ್ಯಾಗ್ನೆಟಿಕ್ ಬೀಡ್‌ಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ನಾನು ಇದನ್ನು ನೆನಪಿಟ್ಟುಕೊಂಡಿದ್ದು ಹೀಗೆ: ಬೀಡ್ ಅಂದರೆ ಗೂಟ, ಪೆಪ್ಟೈಡ್ ಅಂದರೆ ಹಗ್ಗ, ಟರ್ಬಿಯಂ ಅಂದರೆ ಹಗ್ಗದ ತುದಿಯ ಗಂಟೆ. ಲೈಸಿನ್ ಅಥವಾ ಆರ್ಜಿನಿನ್ ಎಂಬ ಅಮೈನೊ ಆಮ್ಲ ಎಲ್ಲಿದೆಯೋ, ಅದರ ಮುಂದಿನ ಕೊಂಡಿಯಲ್ಲಿ ಟ್ರಿಪ್ಸಿನ್ ಹಗ್ಗ ಕತ್ತರಿಸುತ್ತದೆ. ಗಂಟೆ ಬಿಡುಗಡೆಯಾಗಿ ದ್ರವಕ್ಕೆ ಬರುತ್ತದೆ. ಆಯಸ್ಕಾಂತ ಹಿಡಿದು ಬೀಡ್‌ಗಳನ್ನು ಪಕ್ಕಕ್ಕೆ ಎಳೆದು, ಮೇಲಿನ ತಿಳಿಯಲ್ಲಿ ಎಷ್ಟು ಟರ್ಬಿಯಂ ಇದೆ ಎಂದು ಐಸಿಪಿ-ಎಂಎಸ್‌ನಲ್ಲಿ (ಬಿಸಿ ಪ್ಲಾಸ್ಮಾದಲ್ಲಿ ಮಾದರಿಯನ್ನು ಒಡೆದು ಲೋಹದ ಅಯಾನುಗಳನ್ನು ತೂಕದ ಪ್ರಕಾರ ಎಣಿಸುವ ಮಾಸ್ ಸ್ಪೆಕ್ಟ್ರೋಮೀಟರ್) ಎಣಿಸಬೇಕು.

ಫ್ಲೋರೆಸೆನ್ಸ್, ಅಂದರೆ ಹೊಳೆಯುವ ಬಣ್ಣದ ಟ್ಯಾಗ್, ಇರುವಾಗ ಇದೆಲ್ಲ ಯಾಕೆ ಎಂದು ಕೇಳಬಹುದು. ಸೀರಂನಂಥ ಮಾದರಿ ತಾನೇ ಹೊಳೆಯುತ್ತದೆ. ಬಣ್ಣಗಳು ಒಂದರ ಮೇಲೊಂದು ಬೀಳುತ್ತವೆ. ಟರ್ಬಿಯಂನಂಥ ಲ್ಯಾಂಥನೈಡ್ ಲೋಹಗಳಾದರೆ ನಮ್ಮ ಮೈಯಲ್ಲೂ ಬಫರ್‌ನಲ್ಲೂ ಇಲ್ಲವೆನ್ನುವಷ್ಟು ಕಡಿಮೆ. ಕಂಡದ್ದು ಹೆಚ್ಚುಕಡಿಮೆ ನಾವು ಕಟ್ಟಿದ್ದೇ ಆಗಿರುತ್ತದೆ.

ನಾನು ಎಡವಿದ ಜಾಗ

ಮಾಸ್ ಸ್ಪೆಕ್ಟ್ರೋಮೆಟ್ರಿ ಅಂದ ಕೂಡಲೇ ನನ್ನ ತಲೆಗೆ ಬಂದದ್ದು ಪ್ರೋಟಿಯೋಮಿಕ್ಸ್, ಅಂದರೆ ಪ್ರೋಟೀನ್‌ಗಳನ್ನು ಗುರುತಿಸುವ ಕೆಲಸ. ಅಲ್ಲಿ ಅಣು ಇಡಿಯಾಗಿ ಹಾರುತ್ತದೆ. ಕತ್ತರಿಸಿದ ಪೆಪ್ಟೈಡ್‌ಗೆ ಒಂದು ತೂಕ, ಕತ್ತರಿಸದ್ದಕ್ಕೆ ಇನ್ನೊಂದು. ಯಂತ್ರವೇ ಎರಡನ್ನೂ ಬೇರೆಬೇರೆಯಾಗಿ ತೋರಿಸುತ್ತದೆ. ಇಲ್ಲೂ ಹಾಗೇ ಎಂದುಕೊಂಡಿದ್ದೆ. ಹಾಗಿಲ್ಲ.

ಐಸಿಪಿ-ಎಂಎಸ್‌ನ ಆರ್ಗಾನ್ ಪ್ಲಾಸ್ಮಾದ ಬಿಸಿ 6000 ಕೆಲ್ವಿನ್‌ಗೂ ಮೇಲೆ. ಅಲ್ಲಿಗೆ ಹೋದ ಪೆಪ್ಟೈಡ್ ಚೂರುಚೂರಾಗುತ್ತದೆ, ಡೋಟಾ ಕೂಡ. ಉಳಿಯುವುದು ಒಂಟಿ ಟರ್ಬಿಯಂ ಅಯಾನು. ಯಂತ್ರ 159 ಎಂಬ ತೂಕದಲ್ಲಿ ಅದನ್ನು ಎಣಿಸುತ್ತದೆ. ಅದು ಕತ್ತರಿಸಿದ ಹಗ್ಗದಿಂದ ಬಂತೋ, ಇನ್ನೂ ಗೂಟಕ್ಕೆ ಕಟ್ಟಿದ್ದ ಹಗ್ಗದಿಂದ ಬಂತೋ, ಯಂತ್ರಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ಅದಕ್ಕೆ ಎಲ್ಲ ಗಂಟೆಯೂ ಒಂದೇ.

ಇದನ್ನು ನಿಧಾನವಾಗಿ ಇನ್ನೊಂದು ಸಲ ಹೇಳುತ್ತೇನೆ, ಯಾಕೆಂದರೆ ಮಿಕ್ಕಿದ್ದೆಲ್ಲ ಇದರ ಮೇಲೆ ನಿಂತಿದೆ. ಕಿಣ್ವ ಕೆಲಸ ಮಾಡಿತೋ ಇಲ್ಲವೋ ಎನ್ನುವುದನ್ನು ಯಂತ್ರ ಹೇಳುವುದಿಲ್ಲ. ಅದನ್ನು ತೀರ್ಮಾನಿಸುವುದು ಆಯಸ್ಕಾಂತದ ಹೆಜ್ಜೆ. ಬೀಡ್ ಈ ಕಡೆ, ತಿಳಿ ಆ ಕಡೆ ಎಂದು ಬೇರೆ ಮಾಡುತ್ತೇವಲ್ಲ, ಆ ಕ್ಷಣದಲ್ಲೇ ಉತ್ತರ ಸಿಕ್ಕಿಬಿಟ್ಟಿರುತ್ತದೆ. ಯಂತ್ರ ಆಮೇಲೆ ಬರೀ ಲೆಕ್ಕ ಮಾಡುತ್ತದೆ.

ನನ್ನ ಮೊದಲ ಎರಡು ಪ್ರಯೋಗ ಕೆಟ್ಟದ್ದು ಇಲ್ಲೇ. 0 ನಿಮಿಷದ ಟ್ಯೂಬ್‌ನಲ್ಲೂ 10 ನಿಮಿಷದ ಟ್ಯೂಬ್‌ನಲ್ಲೂ ಹತ್ತಿರ ಹತ್ತಿರ ಅಷ್ಟೇ ಸಿಗ್ನಲ್. ಪಿಎಂಎಸ್ಎಫ್ ಎಂಬ ತಡೆಯುವ ರಾಸಾಯನಿಕ ಹಾಕಿದರೆ ಟ್ರಿಪ್ಸಿನ್ ನಿಲ್ಲಬೇಕು. ಹಾಕಿದೆ, ಸಿಗ್ನಲ್ ಇಳಿಯಲಿಲ್ಲ. ಕಾರಣ ಸಣ್ಣದು: ಪಿಪೆಟ್‌ನ ತುದಿ ಗೋಡೆಗೆ ತಾಗಿ, ತಿಳಿಯ ಜೊತೆ ಸ್ವಲ್ಪ ಬೀಡ್‌ಗಳೂ ಬಂದಿದ್ದವು. ಬೀಡ್ ಸಮೇತ ಪ್ಲಾಸ್ಮಾಕ್ಕೆ ಹೋದರೆ ಅದರ ಮೇಲಿನ ಗಂಟೆಗಳೂ ಲೆಕ್ಕಕ್ಕೆ ಸೇರುತ್ತವೆ. ಯೋಚಿಸಿ ನೋಡಿ: ನಿಜವಾಗಿ ಕತ್ತರಿಸಿದ್ದು 100ರಲ್ಲಿ 5 ಹಗ್ಗ. ತಿಳಿಯ ಜೊತೆ 100ರಲ್ಲಿ 5 ಬೀಡ್ ಬಂದರೂ ಸಾಕು, ಸಿಗ್ನಲ್ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಅಷ್ಟು ಕಡಿಮೆ ಬೀಡ್ ಕಣ್ಣಿಗೆ ಕಾಣುವುದೇ ಇಲ್ಲ.

ಮೂರನೇ ಸಲ ತಿಳಿಯನ್ನು ಹೊಸ ಟ್ಯೂಬ್‌ಗೆ ಹಾಕಿ ಇನ್ನೊಂದು ಸಲ ಆಯಸ್ಕಾಂತಕ್ಕೆ ಇಟ್ಟೆ. ತಳದಲ್ಲೂ ಗೋಡೆಯಲ್ಲೂ ಸ್ವಲ್ಪ ಬಿಟ್ಟು, ನಡುವಿನಿಂದ ಮಾತ್ರ ತೆಗೆದೆ. 0 ನಿಮಿಷದ ಸಿಗ್ನಲ್ ಬ್ಲ್ಯಾಂಕ್ (ಟರ್ಬಿಯಂ ಹಾಕದ ಖಾಲಿ ಮಾದರಿ) ಮಟ್ಟಕ್ಕೆ ಇಳಿಯಿತು. ಹಾಗಾಗಿ 0 ನಿಮಿಷದ ಟ್ಯೂಬ್ ಮತ್ತು ತಡೆಯುವ ರಾಸಾಯನಿಕ ಹಾಕಿದ ಟ್ಯೂಬ್, ಇವೆರಡನ್ನು ಯಾವತ್ತೂ ಬಿಡಬೇಡಿ.

ಇದರಲ್ಲೇ ಒಂದು ಅನುಕೂಲವೂ ಇದೆ. ಬೀಡ್ ಮತ್ತು ತಿಳಿ ಬೇರೆಯಾದ ಮೇಲೆ ಪ್ರತಿಕ್ರಿಯೆ ನಿಲ್ಲಿಸಲು ಬೇರೆ ಏನೂ ಸೇರಿಸಬೇಕಿಲ್ಲ. ತಿಳಿಯಲ್ಲಿ ಟ್ರಿಪ್ಸಿನ್ ಇದ್ದರೂ ಕತ್ತರಿಸಲು ಹಗ್ಗ ಉಳಿದಿರುವುದಿಲ್ಲ, ಅಲ್ವಾ?

ಲೆಕ್ಕ

ಯಂತ್ರ ತೋರಿಸುವ ಪಿಪಿಬಿಯಿಂದ (ನೂರು ಕೋಟಿಯಲ್ಲಿ ಒಂದು ಭಾಗ) ಮೋಲಾರ್‌ಗೆ ಹೋಗಲು ನನಗೆ ಇಷ್ಟವಾದ ಸುಲಭ ದಾರಿ: 1000ವನ್ನು ಲೋಹದ ಪರಮಾಣು ತೂಕದಿಂದ ಭಾಗಿಸಿ. ಟರ್ಬಿಯಂಗೆ 1000/158.9, ಅಂದರೆ 6.3. ಇಷ್ಟೇ. 1 ಪಿಪಿಬಿ ಅಂದರೆ ಲೀಟರ್‌ಗೆ 1 ಮೈಕ್ರೋಗ್ರಾಂ, ಹಾಗಾಗಿ 1 ಪಿಪಿಬಿ ಟರ್ಬಿಯಂ ಅಂದರೆ 6.3 ನ್ಯಾನೊಮೋಲಾರ್. ಪೆಪ್ಟೈಡ್‌ನ ತೂಕ ಇಲ್ಲಿ ಬರುವುದೇ ಇಲ್ಲ. ಒಂದು ಹಗ್ಗಕ್ಕೆ ಒಂದೇ ಗಂಟೆ, ಆದ್ದರಿಂದ ಗಂಟೆಯ ಮೋಲ್ ಎಷ್ಟೋ ಕತ್ತರಿಸಿದ ಹಗ್ಗದ ಮೋಲ್ ಅಷ್ಟೇ.

ಅಭ್ಯಾಸಕ್ಕೆ ಅಂಕಿಗಳನ್ನು ಸರಳ ಮಾಡಿಕೊಂಡಿದ್ದೇನೆ. ಪ್ರತಿಕ್ರಿಯೆ 100 ಮೈಕ್ರೋಲೀಟರ್, 10 ನಿಮಿಷ, ಬೀಡ್ ಮೇಲೆ ಒಟ್ಟು 200 ಪಿಕೊಮೋಲ್ ಹಗ್ಗ. 50 ಮೈಕ್ರೋಲೀಟರ್ ತಿಳಿ ತೆಗೆದು, 2% ನೈಟ್ರಿಕ್ ಆಸಿಡ್‌ನಲ್ಲಿ 1 ಮಿಲಿಲೀಟರ್ ಮಾಡಿದೆವು. ಅಂದರೆ 20 ಪಟ್ಟು ತೆಳು. ಯಂತ್ರ ತೋರಿಸಿದ್ದು 0.84 ಪಿಪಿಬಿ. ಕಿಣ್ವ ಇಲ್ಲದ ಟ್ಯೂಬ್ 0.04. ಉಳಿದದ್ದು 0.80. ಅದನ್ನು 6.3ರಿಂದ ಗುಣಿಸಿದರೆ 5.04 ನ್ಯಾನೊಮೋಲಾರ್. 20ರಿಂದ ಗುಣಿಸಿದರೆ ಸುಮಾರು 101 ನ್ಯಾನೊಮೋಲಾರ್. ಇದು ಮೂಲ ಟ್ಯೂಬ್‌ನ ಸಾಂದ್ರತೆ. ಈಗ 100 ಮೈಕ್ರೋಲೀಟರ್‌ನಲ್ಲಿ ಎಷ್ಟು ಮೋಲ್? 10.1 ಪಿಕೊಮೋಲ್. ಇಲ್ಲಿ 50 ಹಾಕಿಬಿಡುವುದು ಸುಲಭ. ತೆಗೆದದ್ದು 50 ಆದರೂ ಪ್ರತಿಕ್ರಿಯೆ ನಡೆದದ್ದು 100ರಲ್ಲಿ. 10 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ 1 ಪಿಕೊಮೋಲ್. ಟ್ರಿಪ್ಸಿನ್ 5 ನ್ಯಾನೊಗ್ರಾಂ ಹಾಕಿದ್ದರೆ, ಮಿಲಿಗ್ರಾಂಗೆ 0.2 ಯೂನಿಟ್ (1 ಯೂನಿಟ್ ಅಂದರೆ ನಿಮಿಷಕ್ಕೆ 1 ಮೈಕ್ರೋಮೋಲ್). 200ರಲ್ಲಿ 10 ಅಂದರೆ 5% ಮಾತ್ರ ಕತ್ತರಿಸಿದೆ, ಆದ್ದರಿಂದ ಇದನ್ನು ಆರಂಭದ ವೇಗ ಎನ್ನಬಹುದು. ಹಗ್ಗ ಗೂಟಕ್ಕೆ ಕಟ್ಟಿರುವುದರಿಂದ, ಇಲ್ಲಿ ಬಂದ ಕೆಎಂ (ವೇಗ ಗರಿಷ್ಠದ ಅರ್ಧ ಆಗುವ ಸಬ್‌ಸ್ಟ್ರೇಟ್ ಸಾಂದ್ರತೆ) ಅನ್ನು ಬಿಡಿ ದ್ರವದಲ್ಲಿ ಬಂದ ಕೆಎಂ ಜೊತೆ ನೇರವಾಗಿ ಹೋಲಿಸಬೇಡಿ.

ಲೋಹ ಆರಿಸುವಾಗ 16 ಕೂಡಿಸಿ

ಬೇರೆಬೇರೆ ಕಿಣ್ವಕ್ಕೆ ಬೇರೆಬೇರೆ ಲೋಹದ ಗಂಟೆ ಕಟ್ಟಿ, ಒಂದೇ ಟ್ಯೂಬ್‌ನಲ್ಲಿ ಎಲ್ಲವನ್ನೂ ಅಳೆಯಬಹುದು. ಆದರೆ ಪ್ಲಾಸ್ಮಾದಲ್ಲಿ ಸ್ವಲ್ಪ ಲೋಹ ಆಕ್ಸಿಜನ್ ಜೊತೆ ಸೇರಿ 16 ತೂಕ ಜಾಸ್ತಿ ತೋರಿಸುತ್ತದೆ. ಟರ್ಬಿಯಂ 159 ಜೊತೆ 16 ಸೇರಿದರೆ 175, ಅದು ಲುಟೇಶಿಯಂನ ಜಾಗ. ಯುರೋಪಿಯಂ 153 ಜೊತೆ 16 ಸೇರಿದರೆ 169, ಅದು ಥೂಲಿಯಂನ ಜಾಗ. ಗಾಜಿನಿಂದಲೋ ಬಫರ್‌ನಿಂದಲೋ ಬೇರಿಯಂ ಬಂದರೆ 135 ಮತ್ತು 137, 16 ಸೇರಿ 151 ಮತ್ತು 153 ಆಗುತ್ತವೆ. ಯುರೋಪಿಯಂನ ಎರಡೂ ಐಸೊಟೋಪ್ (ಒಂದೇ ಲೋಹದ ಬೇರೆಬೇರೆ ತೂಕದ ರೂಪ) ಹಾಳು. ಅದಕ್ಕೇ ನಾನು ಯುರೋಪಿಯಂ ಬಿಟ್ಟೆ. ಪ್ರೇಸಿಯೊಡಿಮಿಯಂ 141, ಟರ್ಬಿಯಂ 159, ಹೋಲ್ಮಿಯಂ 165, ಥೂಲಿಯಂ 169: ನಾಲ್ಕಕ್ಕೂ ಪ್ರಕೃತಿಯಲ್ಲಿ ಒಂದೊಂದೇ ಐಸೊಟೋಪ್, 16 ಕೂಡಿಸಿದರೂ ಒಂದು ಇನ್ನೊಂದರ ಜಾಗಕ್ಕೆ ಬರುವುದಿಲ್ಲ. ಮುಂದಿನ ಸಲ ಟ್ರಿಪ್ಸಿನ್‌ಗೆ ಟರ್ಬಿಯಂ, ಕೈಮೋಟ್ರಿಪ್ಸಿನ್‌ಗೆ ಹೋಲ್ಮಿಯಂ ಹಾಕಿ, ಎರಡೂ ಹಗ್ಗವನ್ನು ಒಂದೇ ಟ್ಯೂಬ್‌ನಲ್ಲಿ ಇಟ್ಟು ನೋಡುತ್ತೇನೆ.